ಕಂಪನಿ ಇದ್ದ ಮನೆ

ನಾನು ಮದುವೆಯಾಗಿ ಈ ಊರಿಗೆ ಬಂದ ದಿನ ಅತ್ತೆ ನಿಂಬೆವ್ವ ಆರತಿ ಎತ್ತಿ ಒಳಗೆ ಕರೆದುಕೊಂಡು ಮನೆಯನ್ನು ತೋರಿಸುತ್ತ ಹೋದರು. ಇದು ದೇವರ ಜಗಲಿ, ಇದು ಜೋಳದ ಕಣಜ, ಇದು ನೀರಿನ ಹಂಡೆ, ಇಲ್ಲಿ ನಿಮ್ಮ ಮಾವ ಮಧ್ಯಾಹ್ನ ಅಡ್ಡಾಗುತ್ತಾರೆ. ಕೊನೆಗೆ ಕೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ, "ಮತ್ತ ಇಲ್ಲೇ ಎಲ್ಲೋ ಕಂಪನಿ ಐತಿ. ಕಣ್ಣಿಗೆ ಬೀಳೂದಿಲ್ಲ. ಅದರ ಪಾಡಿಗೆ ಅದು ಇರತೈತಿ, ನಿನ್ನ ಪಾಡಿಗೆ ನೀ ಇರು" ಎಂದರು. ನಾನು ತಲೆಯಾಡಿಸಿದೆ. ಹೊಸ ಸೊಸೆ ಇನ್ನೇನು ಮಾಡಬೇಕು?

ನಮ್ಮ ಊರಿಗೆ ಬರುವ ಪರದೇಶದ ಮಾತುಗಳು ಒಂದೊಂದು ಮನೆ ಹಿಡಿದು ನಿಲ್ಲುತ್ತವೆ. ಆಡುವುದು ಊರೆಲ್ಲ ಆಡಿದರೂ ಮಾತಿಗೆ ಇರಲು ಮನೆ ಒಂದೇ. ಆ ಮನೆಯಲ್ಲಿ ಅದು ತನ್ನ ಹುಟ್ಟಿನ ಚಾಳಿಯನ್ನು ಬಿಡುವುದಿಲ್ಲ. ದರ್ಜಿ ವಿರೂಪಣ್ಣನ ಮನೆಯಲ್ಲಿ ಪೆನ್ನು ಇದೆ. ಅವರು ಕೋಳಿ ಸಾಕಿದವರಲ್ಲ, ಆದರೂ ದಿನಾ ಬೆಳಿಗ್ಗೆ ಕಸ ಗುಡಿಸಿದರೆ ಮೊರದ ತುಂಬ ಗರಿ. ಪೆನ್ನು ಹುಟ್ಟಿದಾಗ ಹಕ್ಕಿಯ ಗರಿಯಾಗಿತ್ತಂತೆ. ಮೇಲಿನ ಓಣಿಯ ದೊಡ್ಡ ಮನೆಯಲ್ಲಿ ಟೆನ್ಷನ್ ಇದೆ. ಅವರ ಹಿತ್ತಲಿನ ಬಟ್ಟೆ ಒಣಹಾಕುವ ಹಗ್ಗಕ್ಕೆ ಎಂಥ ಒದ್ದೆ ಕೌದಿ ಹಾಕಿದರೂ ಜೋಲುವುದಿಲ್ಲ, ಬೆರಳಿನಿಂದ ಮೀಟಿದರೆ ಏಕತಾರಿಯ ಹಾಗೆ ನುಡಿಯುತ್ತದೆ. ಎಳೆದು ಬಿಗಿಯುವುದು ಎಂದು ಅದರ ಮೂಲ. ಹಗ್ಗವೇ ಎಲ್ಲವನ್ನೂ ಹೊತ್ತುಕೊಳ್ಳುವುದರಿಂದಲೋ ಏನೋ, ಊರಿನಲ್ಲಿ ಅವರಷ್ಟು ನಿಶ್ಚಿಂತೆಯ ಮಂದಿ ಬೇರೆ ಇಲ್ಲ. ನಮ್ಮ ಪಕ್ಕದ ಹುಸೇನಬಿ ಅಕ್ಕನ ಮನೆಯಲ್ಲಿ ಬಸ್ ಇದೆ. ಎಲ್ಲರಿಗಾಗಿ ಎಂದು ಅದರ ಅರ್ಥ. ಅವರ ಬಾಗಿಲಿಗೆ ಅಗಳಿ ನಿಲ್ಲುವುದಿಲ್ಲ. ಗುರುತಿಲ್ಲದವರೂ ನೆಟ್ಟಗೆ ಒಳಗೆ ಬಂದು, "ಸ್ವಲ್ಪ ಸರಕೊಳ್ರಿ" ಎಂದು ಕೂತುಬಿಡುತ್ತಾರೆ. ಹುಸೇನಬಿ ಅಕ್ಕ ಉಸಿರು ಬಿಡಬೇಕೆಂದರೆ ನಮ್ಮ ಮನೆಗೇ ಬರಬೇಕು.

ಮನೆಗೆ ಹೊಸ ಯಜಮಾನ ಬಂದಾಗ ಅವನು ಬಾವಿಕಟ್ಟೆಯ ಮೇಲೆ ನಿಂತು ತನ್ನ ಮನೆಯ ಮಾತನ್ನು ಊರಿಗೆ ಒಪ್ಪಿಸಬೇಕು. ಅದು ಎಲ್ಲಿ ಹುಟ್ಟಿತು, ಹುಟ್ಟಿದಾಗ ಏನಾಗಿತ್ತು ಎಂದು ಹೇಳಬೇಕು. ಸರಿಯಾಗಿ ಹೇಳಿದರೆ ಆ ಮಾತಿನ ಮೊದಲ ರುಚಿ ಕೂಡಿದವರೆಲ್ಲರ ನಾಲಗೆಯ ಮೇಲೆ ಬರುತ್ತದೆ. ತಪ್ಪಿದರೆ ಎಲ್ಲರಿಗೂ ಬಿಕ್ಕಳಿಕೆ. ತವರಿನವರು ಮಾತನ್ನು ನೆನೆಸಿ ಕರೆಯುತ್ತಿದ್ದಾರೆ ಎಂದು ಅದರ ಅರ್ಥ. ಅಪ್ಪ, ಮಗ, ಮೊಮ್ಮಗ ಸಾಲಾಗಿ ತಪ್ಪಿದರೆ ಮಾತು ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತದೆ. ನಾನು ಬಂದ ಹೊಸದರಲ್ಲಿ ಪಂಕ್ಚರ್ ಹಾಗೆ ಹೋಗಿತ್ತು. ಗಾಳಿ ಹೋದ ಸೈಕಲ್ ಹಿಡಿದುಕೊಂಡು ಗಂಡಸರು ರಿಪೇರಿ ಅಂಗಡಿಯ ಮುಂದೆ ಸಾಲಾಗಿ ನಿಂತು "ಸ್ಸ್ಸ್" ಎನ್ನುತ್ತಿದ್ದರು. ಅಂಗಡಿಯವನು ಹಾವು ಬಂತೆಂದು ಸ್ಟೂಲಿನ ಮೇಲೆ ಹತ್ತುತ್ತಿದ್ದ. ಆಮೇಲೆ ಯಾರೋ ನೆಂಟರ ಜೊತೆಗೆ ಅದು ತಿರುಗಿ ಬಂದು ಬೇರೆ ಮನೆ ಹಿಡಿಯಿತು, ಆ ಮಾತು ಬಿಡಿ.

ನಮ್ಮ ಕಂಪನಿಯ ಚಾಳಿ ಏನೆಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಮಾವನವರ ಅಪ್ಪ ಅದನ್ನು ದಂಡಿನ ಮಾತು ಎಂದು ಒಪ್ಪಿಸಿದ್ದರಂತೆ, ಸಿಪಾಯಿಗಳ ಗುಂಪಿಗೆ ಕಂಪನಿ ಅನ್ನುತ್ತಾರಲ್ಲ, ಅದಕ್ಕೆ. ಊರೆಲ್ಲ ಬಿಕ್ಕಿತು. ಮಾವ ನಾಟಕದ ಹುಚ್ಚಿನವರು. ಬಣ್ಣ, ಪರದೆ, ಹಾರ್ಮೋನಿಯಮ್ ಸುದ್ದಿ ಹೇಳಿ ನಾಟಕ ಕಂಪನಿಯೇ ಮೂಲ ಎಂದರು. "ಆವತ್ತ ಮಂದಿ ಎಷ್ಟ ಬಿಕ್ಕಿದರಂದ್ರ, ಬಸರಿ ಹೆಂಗಸು ಒಬ್ಬಾಕಿ ಅಲ್ಲೇ ಹಡದಳು" ಎಂದು ಅತ್ತೆ ಈಗಲೂ ಹೇಳಿ ನಗುತ್ತಾರೆ. ಹುಟ್ಟಿದವನಿಗೆ ಬಿಕ್ಕಣ್ಣ ಎಂದು ಹೆಸರಾಯಿತು. ಅವನೀಗ ಊರಿಗೆಲ್ಲ ಹಾಲು ಮಾರುತ್ತಾನೆ.

ಹೋದ ವರ್ಷ ಮಾವ ತೀರಿಕೊಂಡರು. ವರ್ಷದ ಕಾರ್ಯ ಮುಗಿದ ಮೇಲೆ ಒಪ್ಪಿಸುವ ಸರದಿ ನಮ್ಮವರದು, ದುಂಡಪ್ಪನವರದು. ಹೆಸರಿಗೆ ತಕ್ಕ ಹಾಗೆ ಮೈಯೂ ದುಂಡು, ಮನಸ್ಸೂ ದುಂಡು, ಎಲ್ಲಿಯೂ ಮೂಲೆಯಿಲ್ಲದ ಮನುಷ್ಯ. ಸೋಡಾ ಫ್ಯಾಕ್ಟರಿಯಲ್ಲಿ ಬಾಟ್ಲಿ ತುಂಬಿಸುವ ಕೆಲಸ. ಚಾಳಿಯ ಸುಳಿವಿಗಾಗಿ ಅವರು ಮನೆಯನ್ನೆಲ್ಲ ಜಾಲಾಡಿದರು. ಅಟ್ಟ ಹತ್ತಿದರು, ಕಣಜದೊಳಗೆ ತಲೆ ಹಾಕಿದರು, ದೇವರ ಜಗಲಿಗೆ ಕಿವಿ ಹಚ್ಚಿ ಕೂತರು. ದೊಡ್ಡ ಮಾತು, ದೊಡ್ಡದೇ ಏನಾದರೂ ಮಾಡುತ್ತಿರಬೇಕು ಎಂಬುದು ಅವರ ನಂಬಿಕೆ. ಅಡುಗೆಮನೆಗೆ ಬಂದಾಗಲೆಲ್ಲ ಒಂದು ಹಿಡಿ ಶೇಂಗಾ ತೆಗೆದುಕೊಂಡು ಹೋದರೇ ಹೊರತು ಅಲ್ಲಿ ಹುಡುಕಲಿಲ್ಲ.

"ವ್ಯಾಪಾರದ್ದು ಅಂತ ಹೇಳಿಬಿಡತೀನಿ" ಎಂದರು ಕೊನೆಗೆ. "ಹಡಗು, ಸಮುದ್ರ, ಸರಕು. ಕಂಪನಿ ಅಂದ್ರ ಅದ ಅಲ್ಲೇನು?"

"ನಿಮ್ಮಪ್ಪಗೂ ಹಿಂಗ ಧೈರ್ಯ ಇತ್ತು" ಎಂದರು ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ.

ನನಗೆ ಮೊದಮೊದಲು ಇದೆಲ್ಲ ಅಷ್ಟು ದೊಡ್ಡ ಚಿಂತೆಯಾಗಿರಲಿಲ್ಲ. ಮಾತು ಹೋದರೆ ಹೋಯಿತು, ನಮ್ಮವರು ಸೋಡಾ ತುಂಬುವ ಜಾಗಕ್ಕೆ ಫ್ಯಾಕ್ಟರಿ ಎಂದರೆ ಸಾಕು, ನಾಟಕದವರು ಮಂಡಳಿ ಎಂದುಕೊಳ್ಳಲಿ ಎಂದು ಸುಮ್ಮನಿದ್ದೆ. ಚಿಂತೆ ಹತ್ತಿದ್ದು ನನ್ನ ಮಗಳು ಕಸ್ತೂರಿಯಿಂದ. ಅವಳಿಗೆ ಕತ್ತಲು ಕವಿಯುವ ಹೊತ್ತಿಗೆ ಹಿತ್ತಲಿಗೆ ಹೋಗಲು ಹೆದರಿಕೆ. ಅಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಬಚ್ಚಲು. ದಿನಾ ಸಂಜೆ ಬಾಗಿಲಲ್ಲಿ ನಿಂತು, "ಅವ್ವಾ, ಕಂಪನಿ ಕೊಡ ಬಾ" ಎಂದು ಕರೆಯುತ್ತಿದ್ದಳು. ನಾನು ಒಲೆಯ ಮುಂದಿನಿಂದ ಎದ್ದು ಕೈ ಒರೆಸಿಕೊಂಡು ಹೋಗುತ್ತಿದ್ದೆ. ಅವಳು ಒಳಗಿನಿಂದ ಶಾಲೆಯ ಸುದ್ದಿ ಹೇಳುತ್ತಿದ್ದಳು, ನಾನು ಹೊರಗಿನಿಂದ ಹೂಂ ಎನ್ನುತ್ತಿದ್ದೆ. ಇಡೀ ದಿನದಲ್ಲಿ ನಾವಿಬ್ಬರೇ ಕೂತು ಮಾತಾಡಿದಂತೆ ಅನ್ನಿಸುತ್ತಿದ್ದದ್ದು ಅದೊಂದೇ ಹೊತ್ತು, ಅದೂ ನಡುವೆ ಬಾಗಿಲು ಇಟ್ಟುಕೊಂಡು.

ಹೊರಡುವ ಮಾತು ಮೊದಲು ಜಾರುವುದು ಮಕ್ಕಳ ಬಾಯಿಂದ. ಒಪ್ಪಿಸುವ ದಿನ ಹತ್ತಿರವಾದಂತೆ ಒಂದು ಸಂಜೆ ಕಸ್ತೂರಿ ಬಾಗಿಲಲ್ಲಿ ಬಂದು ನಿಂತಳು. "ಅವ್ವಾ" ಎಂದಳು. ಬಾಯಿ ತೆರೆದಳು, ಮುಚ್ಚಿದಳು. ಹುಬ್ಬು ಗಂಟಿಕ್ಕಿ ನೆಲ ನೋಡಿದಳು.

"ಏನ ಬೇಕ ಪುಟ್ಟಾ?"

"ಏನಿಲ್ಲ ಬಿಡ."

ಒಬ್ಬಳೇ ಹೋದಳು. ನಾನು ರೊಟ್ಟಿಯ ಗಡಿಬಿಡಿಯಲ್ಲಿ, ಮಗಳು ದೊಡ್ಡವಳಾದಳು ಎಂದುಕೊಂಡೆ. ಅವಳು ಓಡುತ್ತ ವಾಪಸು ಬಂದಾಗ ಮುಖ ಬಿಳಿಚಿತ್ತು, ಲಂಗದ ಅಂಚು ಒದ್ದೆಯಾಗಿತ್ತು. ಮರುದಿನವೂ ಹಾಗೇ, ಅದರ ಮರುದಿನವೂ. ನಾನಾಗಿಯೇ ಎದ್ದು ಬಂದರೆ, "ನಾ ಕರದಿಲ್ಲಲ್ಲ" ಎನ್ನುತ್ತಿದ್ದಳು. ಕರೆಯಬೇಕೆಂದೇ ಅವಳಿಗೆ ಹೊಳೆಯುತ್ತಿರಲಿಲ್ಲ. ಕೇಳಲು ಮಾತು ಇಲ್ಲದಾಗ ಮಗು ಕೇಳುವುದನ್ನೇ ಬಿಟ್ಟಿತ್ತು. ಬೇರೆ ಯಾವ ಮಾತಿನಿಂದಲಾದರೂ ಕರೆಯೇ ಎಂದು ಹೇಳಿಕೊಟ್ಟೆ. "ಜೋಡಿ ಬಾ ಅನ್ನು, ಸಂಗಟ ಬಾ ಅನ್ನು." ಅವಳು ಒಪ್ಪಾಗಿ ಹೇಳಿದಳು, ಪಾಠ ಒಪ್ಪಿಸಿದ ಹಾಗೆ. ಸಂಜೆ ಮತ್ತೆ ಒಬ್ಬಳೇ ಹೋದಳು. ಅಂದು ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಹೇಳಿದೆ: "ಈ ಮಾತ ನಮ್ಮ ಮನಿ ಬಿಟ್ಟ ಹೋಗಬಾರದು ರೀ. ಹಡಗಿನ ಸುದ್ದಿ ಹೇಳಿ ಆಟ ಆಡಬ್ಯಾಡ್ರಿ."

"ಮತ್ತ ಏನ ಹೇಳ್ಲೇ? ನಿನಗ ಗೊತ್ತೈತೇನ?"

ನನಗೆ ಗೊತ್ತಾದದ್ದು ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ. ಅದನ್ನು ಹೇಳುವ ಮೊದಲು ನನ್ನ ರೊಟ್ಟಿಯ ವಿಷಯ ಹೇಳಬೇಕು. ನಾನು ರೊಟ್ಟಿ ಬಡಿಯುವುದರಲ್ಲಿ ಕಡಿಮೆಯವಳಲ್ಲ. ಬೆಳಿಗ್ಗೆ ಕಸ್ತೂರಿ ಅಜ್ಜಿಯ ಮಗ್ಗುಲಲ್ಲಿ ಕೂತು ಉಣ್ಣುತ್ತಾಳೆ, ಇಬ್ಬರ ರೊಟ್ಟಿಯೂ ಹಂಚಿನ ಮೇಲೆ ಕುಂಬಳಕಾಯಿಯ ಹಾಗೆ ಉಬ್ಬುತ್ತವೆ. ನಮ್ಮವರು ಫ್ಯಾಕ್ಟರಿಯ ಗೆಳೆಯನನ್ನು ಕರೆದುಕೊಂಡೇ ಬರುತ್ತಾರೆ, ಅವೂ ಉಬ್ಬುತ್ತವೆ. ಎಲ್ಲರದೂ ಮುಗಿದ ಮೇಲೆ, ಪಾತ್ರೆ ಎತ್ತಿಟ್ಟು, ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನನಗೆಂದು ಒಂದು ಬಡಿದು ಹಾಕುತ್ತೇನಲ್ಲ, ಆ ಕಡೆಯ ರೊಟ್ಟಿ ಮಾತ್ರ ಎಂದೂ ಉಬ್ಬುವುದಿಲ್ಲ. ಅಪ್ಪಚ್ಚಿಯಾಗಿ ಬಿದ್ದಿರುತ್ತದೆ. ಹಿಟ್ಟು ಆರಿರುತ್ತದೆ, ಬೆಂಕಿ ಇಳಿದಿರುತ್ತದೆ, ಅದಕ್ಕೇ ಹೀಗೆ ಎಂದುಕೊಂಡು ವರ್ಷಗಟ್ಟಲೆ ಅದನ್ನೇ ಚಟ್ನಿಗೆ ಒತ್ತಿ ತಿಂದಿದ್ದೆ. ಅದರ ಬಗ್ಗೆ ಯಾರಿಗಾದರೂ ಹೇಳಬೇಕೆಂದೂ ಅನ್ನಿಸಿರಲಿಲ್ಲ. ಹೇಳುವಂಥದ್ದು ಏನಿದೆ ಅದರಲ್ಲಿ?

ಆವತ್ತೂ ಹಾಗೇ ಒಂದು ಹಾಕಿ, ನೀರು ಸವರಿ, ತಿರುವಿ ಹಾಕಿದ್ದೆ. ಅಪ್ಪಚ್ಚಿ. ಅಷ್ಟರಲ್ಲಿ ಹುಸೇನಬಿ ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದರು.

"ಇಂದ್ರವ್ವಾ, ಇಲ್ಲೊಂದ ಈಟ ಕುಂದರಲೇನ? ಮನ್ಯಾಗ ಕಾಲ ಇಡಾಕ ಜಾಗ ಇಲ್ಲ. ಯಾರೋ ಮದವಿ ದಿಬ್ಬಣದವರು ಹೊಕ್ಕಾರ. ಮದಮಗ ನನ್ನ ಹಾಸಿಗಿ ಮ್ಯಾಲ ಮಕ್ಕೊಂಡಾನ."

"ಬರ್ರಿ ಅಕ್ಕಾ, ಕುಂದರ್ರಿ. ಉಂಡೀರೇನ?"

"ಎಲ್ಲಿ ಊಟ? ದಿಬ್ಬಣದವರು ಉಂಡ್ರು. ನಿನ್ನ ರೊಟ್ಟಿ ಒಳಗ ಒಂದ ತುಣುಕ ಹರದ ಕೊಡು ಸಾಕು."

ಹೀಗೆನ್ನುತ್ತ ಅವರು ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಹಂಚಿನ ಮೇಲಿನ ರೊಟ್ಟಿ ಬುಸ್ ಎಂದು ಉಬ್ಬಿತು. "ಚಟ್ನಿ ಎಲ್ಲಿ ಇಟ್ಟೀ?" ಎಂದು ಅವರು ಎದ್ದು ಗೂಡಿನ ಕಡೆ ತಿರುಗಿದರು. ರೊಟ್ಟಿ ಮೆಲ್ಲಗೆ ಕುಸಿಯಿತು. ಚಟ್ನಿ ತಂದು ಕೂತರು. ಉಬ್ಬಿತು.

"ಅಕ್ಕಾ, ಒಮ್ಮೆ ಏಳ್ರಿ."

"ಯಾಕ ಬೇ, ಈಗ ಕುಂತೇನಿ. ಮೊಣಕಾಲ ನೋಯ್ತಾವ."

"ನನ್ನ ಆಣಿ, ಏಳ್ರಿ."

ಎದ್ದರು, ಕುಸಿಯಿತು. ಕೂತರು, ಉಬ್ಬಿತು. ಅವರಿಗೂ ಅರ್ಥವಾಯಿತು. ಆಮೇಲೆ ಇಬ್ಬರೂ ಹುಡುಗಿಯರ ಹಾಗೆ ಆಡಿದೆವು. ಅವರು ಏಳುವುದು, ಕೂರುವುದು, ನಾನು ಬಾಗಿಲಾಚೆ ಹೋಗುವುದು, ಬರುವುದು. ರೊಟ್ಟಿ ಉಬ್ಬಿ ಇಳಿದು ಉಬ್ಬಿ ಇಳಿದು ಕೊನೆಗೆ ಹಪ್ಪಳವಾಯಿತು. ನಮ್ಮ ನಗು ಕೇಳಿ ಅತ್ತೆ ಕೋಲೂರಿಕೊಂಡು ಬಂದರು. ನಾನು ಇನ್ನೊಂದು ರೊಟ್ಟಿ ಹಾಕಿ ತೋರಿಸಿದೆ. ಅತ್ತೆ ಹಂಚಿನ ಮೇಲೆ ಬಗ್ಗಿ ನೋಡಿದರು.

"ನನ್ನ ಕಡೀ ರೊಟ್ಟೀನೂ ಉಬ್ಬತಿದ್ದಿಲ್ಲ" ಎಂದರು. "ನಮ್ಮತ್ತೀದೂ ಉಬ್ಬತಿದ್ದಿಲ್ಲ. ಮನೀ ಹೆಣಮಗಳ ರೊಟ್ಟಿ ಹಂಗ ಅಂತ ನಾವು ಅನಕೊಂಡಿದ್ದಿವಿ." ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು ನಕ್ಕುಬಿಟ್ಟರು. "ಹಾಳಾದ್ದು, ಇಷ್ಟ ವರ್ಷ ಒಲಿ ಮುಂದ ಕುಂತ ಕರಿಯಾಕತ್ತಿತ್ತು ನೋಡು. ಗಂಡಸರು ಅಟ್ಟದ ಮ್ಯಾಲ ಹುಡುಕ್ಯಾರ!"

ಸಂಜೆ ನಮ್ಮವರಿಗೆ ತೋರಿಸಿದೆವು. ಅವರೂ ಎದ್ದು ಕೂತು ಪರೀಕ್ಷೆ ಮಾಡಿದರು. ಅವರ ಮೈಗೆ ಅದು ದೊಡ್ಡ ಕಸರತ್ತು. ಒಪ್ಪಿಕೊಂಡರು. ಆದರೂ ಮೀಸೆ ತಿರುವುತ್ತ, "ಖರೇ ಐತಿ, ಆದ್ರ ಕಟ್ಟಿ ಮ್ಯಾಲ ನಿಂತ ರೊಟ್ಟಿ ಸುದ್ದಿ ಹೆಂಗ ಹೇಳ್ಲಿ? ಇಷ್ಟ ದೊಡ್ಡ ಮಾತು ಅಡಗಿಮನ್ಯಾಗ ಹುಟ್ಟತೈತೇನ? ಮಂದಿ ನಗತಾರ" ಎಂದರು.

"ನಕ್ಕರ ಚಲೋ, ಬಿಕ್ಕೂದಕ್ಕಿಂತ" ಎಂದರು ಅತ್ತೆ.

ಮರುದಿನ ಬಾವಿಕಟ್ಟೆಯ ಸುತ್ತ ಊರೆಲ್ಲ ನೆರೆದಿತ್ತು. ಒಪ್ಪಿಸಿದ ಮೇಲೆ ಎಲ್ಲರೂ ಕೂಡಿ ಉಣ್ಣುವ ರೂಢಿ, ಹಾಗಾಗಿ ಪ್ರತಿ ಮನೆಯವರೂ ಬುತ್ತಿ ತಂದಿದ್ದರು. ನನ್ನ ಮಡಿಲಲ್ಲೂ ಬೆಳಿಗ್ಗೆ ಬಡಿದ ರೊಟ್ಟಿಯ ಗಂಟು ಬೆಚ್ಚಗೆ ಇತ್ತು. ಕಸ್ತೂರಿ ನನಗೆ ಒರಗಿ ಕೂತಿದ್ದಳು. ಕಟ್ಟೆಯ ಹಿರಿಯ ರಾಚಯ್ಯನವರು ಜಾಗಟೆ ಬಾರಿಸಿ, "ದುಂಡಪ್ಪಾ, ನಿಮ್ಮ ಅಪ್ಪನ ಕಾಲದಾಗ ಬಿಕ್ಕಿದ ಹೊಟ್ಟಿ ನಂದ ಇನ್ನೂ ಸೆಟದ ಐತಿ. ನೋಡಿ ಹೇಳಪಾ" ಎಂದರು. ಎಲ್ಲರೂ ನಕ್ಕರು. ಹಾಲಿನ ಬಿಕ್ಕಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

ನಮ್ಮವರು ಕಟ್ಟೆ ಹತ್ತಿದರು. ನನ್ನತ್ತ ನೋಡಿದರು, ಮಂದಿಯತ್ತ ನೋಡಿದರು, ಧೋತರ ಸರಿಮಾಡಿಕೊಂಡರು. ಮಂದಿ ನಗುವ ಹೆದರಿಕೆ ಅವರಿಗಿನ್ನೂ ಹೋಗಿಲ್ಲವೆಂದು ನನಗೆ ಆಗಲೇ ತಿಳಿಯಿತು. "ಕಂಪನಿ ಅಂದ್ರ" ಎಂದು ಶುರುಮಾಡಿದರು, "ಭಾಳ ದೊಡ್ಡ ಮಾತ್ರಿ. ಸಮುದ್ರದ ಆಚಿ ಕಡೆ, ದೊಡ್ಡ ದೊಡ್ಡ ಹಡಗದಾಗ..."

"ಹಿಕ್" ಎಂದರು ರಾಚಯ್ಯನವರು.

ಅವರ ಹಿಂದಿನ ಸಾಲು ಹಿಕ್ ಎಂದಿತು. ದರ್ಜಿ ವಿರೂಪಣ್ಣ ಹಿಕ್. ಟೆನ್ಷನ್ ಮನೆಯ ನಿಶ್ಚಿಂತೆಯ ಅಣ್ಣತಮ್ಮಂದಿರು ಒಟ್ಟಿಗೆ ಹಿಕ್. ನನ್ನ ತೊಡೆಗೆ ಒರಗಿದ್ದ ಕಸ್ತೂರಿಯ ಪುಟ್ಟ ಎದೆ ಕುಲುಕಿತು. ಆ ಕುಲುಕು ನನ್ನ ಮೈಗೆ ತಾಗಿತು ನೋಡಿ, ಇನ್ನು ಕೂರಲಾಗಲಿಲ್ಲ. ಒಪ್ಪಿಸುವವನು ಕಟ್ಟೆ ಇಳಿಯುವ ತನಕ ಮಾತು ಮುಗಿದಂತಲ್ಲ. ನಮ್ಮವರು ಇಳಿಯಲು ಒಂದು ಕಾಲು ಕೆಳಗಿಟ್ಟಿದ್ದರು.

"ಇಳೀಬ್ಯಾಡ್ರಿ!" ಎಂದು ಕೂಗಿದೆ. ಇಡೀ ಊರು ತಿರುಗಿ ನೋಡಿತು. ನಮ್ಮವರು ಒಂಟಿಕಾಲಲ್ಲಿ ಹಾಗೇ ನಿಂತರು. ಆಮೇಲೆ, ಆ ದುಂಡು ಮುಖದ ತುಂಬ ನೆಮ್ಮದಿ ಹರಡಿ, ಕೈ ಚಾಚಿದರು. "ಬಾ ಬೇ, ನೀನ ಹೇಳ ಬಾ. ನಾ ಇಲ್ಲೇ ನಿಂತಿರತೀನಿ. ಹಿಕ್."

ಗಂಟು ಹಿಡಿದುಕೊಂಡು ಹತ್ತಿದೆ. ನಾನು ಸಭೆಯಲ್ಲಿ ಮಾತಾಡಿದವಳಲ್ಲ. ಏನು ಮಾಡಬೇಕೆಂದು ತೋಚದೆ, ದಿನಾ ಮಾಡುವುದನ್ನೇ ಮಾಡಿದೆ. ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು ಎರಡು ಮಾಡಿದೆ. ಒಂದು ತುಣುಕನ್ನು ಬಿಕ್ಕುತ್ತಿದ್ದ ರಾಚಯ್ಯನವರ ಕೈಗೆ ಕೊಟ್ಟೆ, ಇನ್ನೊಂದನ್ನು ನಾನು ಇಟ್ಟುಕೊಂಡೆ.

"ಹಿರಿಯರ, ಇದು ಒಲಿ ಮುಂದ ಹುಟ್ಟಿದ ಮಾತು" ಎಂದೆ. "ಸಂಗಟ ಅನ್ನೂದೊಂದು, ರೊಟ್ಟಿ ಅನ್ನೂದೊಂದು, ಎರಡೂ ಕೂಡಿ ಆಗೈತಿ. ಒಂದ ರೊಟ್ಟಿ ಹರಕೊಂಡ ಉಣ್ಣವರು ಅಂತ. ದಂಡಿನವರು ಒಂದ ಒಲಿ ಮ್ಯಾಲ ಬೇಯಿಸಿಕೊಂಡ ಉಣತಾರ, ಅದಕ್ಕ ಅವರಿಗೆ ಆ ಹೆಸರು ಬಂತು. ದೂರ ವ್ಯಾಪಾರಕ್ಕ ಹೋಗವರೂ ಬುತ್ತಿ ಕೂಡೆ ಬಿಚ್ಚತಾರ. ನಾಟಕದವರೂ ಹಂಗ. ಎಲ್ಲಾ ಆಮ್ಯಾಲ ಬಂದದ್ದು. ಮೊದಲ ರೊಟ್ಟಿ. ನಮ್ಮ ಮನ್ಯಾಗ ಒಬ್ಬರ ಕುಂತ್ರ ರೊಟ್ಟಿ ಉಬ್ಬೂದಿಲ್ಲ ರೀ. ಮತ್ತೊಬ್ಬರ ಬಂದ ಕುಂತ್ರ ಉಬ್ಬತೈತಿ. ಇಷ್ಟ ನನಗ ಗೊತ್ತಿರೂದು."

ಬಿಕ್ಕಳಿಕೆ ನಿಂತಿತ್ತು. ಎಲ್ಲರೂ ಕಾಯುತ್ತಿದ್ದರು. ಬಾವಿಯ ಗಾಲಿ ಗಾಳಿಗೆ ಕಿರ್ ಎಂದಿತು. ಏನೂ ಬರಲಿಲ್ಲ. ಆಗ ನೆನಪಾಯಿತು, ನನ್ನ ಕೈಯ ತುಣುಕು ಕೈಯಲ್ಲೇ ಇದೆ, ರಾಚಯ್ಯನವರದೂ ಹಾಗೇ ಇದೆ. "ಉಣ್ರಿ ಹಿರಿಯರ" ಎಂದೆ. ಇಬ್ಬರೂ ಬಾಯಿಗೆ ಹಾಕಿಕೊಂಡೆವು.

ರುಚಿ ಬಂತು. ಜೋಳದ್ದಲ್ಲ. ನಾವು ಯಾರೂ ಕಂಡರಿಯದ ಯಾವುದೋ ಧಾನ್ಯದ್ದು, ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಎಷ್ಟೋ ದೂರದ ಊರಿನ, ಎಷ್ಟೋ ಹಿಂದಿನ ಕಾಲದ ಯಾರೋ ತಾಯಿ ಸುಟ್ಟ ರೊಟ್ಟಿ ಅದು. ಊರಿಗೆ ಊರೇ ಮೆಲುಕು ಹಾಕಿತು. ರಾಚಯ್ಯನವರು ತುಟಿ ಒರೆಸಿಕೊಂಡು, "ಉಪ್ಪ ಈಟ ಕಡಿಮಿ ಆಗೈತಿ. ಆದ್ರ ಖರೇ ಐತಿ" ಎಂದು ಜಾಗಟೆ ಬಾರಿಸಿದರು. ಹುಸೇನಬಿ ಅಕ್ಕ ಎದ್ದು ನಿಂತು ಮದುವೆ ದಿಬ್ಬಣದವರನ್ನೂ ಸೇರಿಸಿ ಚಪ್ಪಾಳೆ ಹೊಡೆಸಿದರು. ಅವರಿನ್ನೂ ಊರು ಬಿಟ್ಟಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಕಡೆಯ ರೊಟ್ಟಿಯದೇ ಗದ್ದಲ. ನನ್ನ ಜೊತೆ ಯಾರು ಕೂರಬೇಕೆಂದು ಜಗಳ. ನಮ್ಮವರು ಆಗಲೇ ಹೊಟ್ಟೆ ತುಂಬ ಉಂಡು, ತಾಟು ಹಿಡಿದು ನನ್ನೆದುರು ಬಂದು ಕೂತು, ತುಣುಕನ್ನು ಕೈಯಲ್ಲಿ ಹಿಡಿದು ತಿಂದ ಹಾಗೆ ಮಾಡುತ್ತಾರೆ. ರೊಟ್ಟಿ ಅರ್ಧ ಮಾತ್ರ ಉಬ್ಬುತ್ತದೆ. "ಕಳ್ಳ! ನುಂಗೋ" ಎಂದು ಅತ್ತೆ ಕೋಲು ಎತ್ತುತ್ತಾರೆ. ಅವರು ನುಂಗುತ್ತಾರೆ, ರೊಟ್ಟಿ ತುಂಬ ಉಬ್ಬುತ್ತದೆ. ಹೀಗೆ ನುಂಗಿ ನುಂಗಿ ಅವರು ಇನ್ನಷ್ಟು ದುಂಡಾಗಿದ್ದಾರೆ. ಅತ್ತೆ ಈಗ ಬೆಳಿಗ್ಗೆ ಹಸಿವಿಲ್ಲ ಎಂದು ಸುಳ್ಳು ಹೇಳಿ, ತಮ್ಮ ಅರ್ಧ ಊಟವನ್ನು ನನ್ನ ಹೊತ್ತಿಗೆ ಉಳಿಸಿಕೊಳ್ಳುತ್ತಾರೆ. ನನಗೆ ಗೊತ್ತು. ನಾನು ಕೇಳುವುದಿಲ್ಲ.

ಒಪ್ಪಿಸಿದ ದಿನ ಸಂಜೆ ಮಾತ್ರ ನಾನು ಒಲೆಯ ಮುಂದೆ ಕೂತು ಕಿವಿಯೆಲ್ಲ ಬಾಗಿಲ ಕಡೆ ಇಟ್ಟಿದ್ದೆ. ಕಸ್ತೂರಿ ಒಳಗೆ ಬಂದಳು, ಹೊರಗೆ ಹೋದಳು, ಹುಣಸೆಮರದ ಕಡೆ ಇಣುಕಿದಳು. ನಾನಾಗಿ ಏಳಲಿಲ್ಲ. ಹಂಚಿನ ಮೇಲೆ ರೊಟ್ಟಿ ಇತ್ತು, ಕೈಯೆಲ್ಲ ಹಿಟ್ಟು. ಅವಳು ಬಾಗಿಲಲ್ಲಿ ಬಂದು ನಿಂತಳು. ಬಾಯಿ ತೆರೆದಳು.

"ಅವ್ವಾ, ಕಂಪನಿ ಕೊಡ ಬಾ."

"ಬಂದೆ ಪುಟ್ಟಾ" ಎಂದೆ. ರೊಟ್ಟಿ ಹೊತ್ತಿದರೆ ಹೊತ್ತಲಿ ಎಂದು ಎದ್ದೆ.